ಹಿಟ್ಟು ಹೊರುವಷ್ಟು

ನೇಪಲ್ಸ್ ನಗರದ ಹಳೆಯ ಪೇಟೆಯಲ್ಲಿ ವಿಯಾ ಚೆಸಾರೆ ಸೆರ್ಸಾಲೆ ಎಂಬ ಇಕ್ಕಟ್ಟಾದ ಬೀದಿಯಿದೆ. 1870ರಿಂದ ಪಿಜ್ಜಾ ಕಸುಬನ್ನೇ ನಂಬಿ ಬಂದ ಮನೆತನದ ‘ದಾ ಮಿಕೇಲೆ’ ಅಂಗಡಿ ಇರುವುದು ಅಲ್ಲಿ. ಚೀಟಿ ಹಿಡಿದು ಬಾಗಿಲ ಮುಂದೆ ಕಾಯುವ ಪ್ರವಾಸಿಗರಿಗೆ ಆಯ್ಕೆಯ ಗೊಂದಲವಿಲ್ಲ. ಅಂಗಡಿಯ ಹೆಸರು ನಿಂತಿರುವುದೇ ಎರಡು ಬಗೆಯ ಪಿಜ್ಜಾಗಳ ಮೇಲೆ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಆಲಿವ್ ಎಣ್ಣೆ ಬಿದ್ದರೆ ಮಾರಿನಾರಾ. ಟೊಮೆಟೊ, ಮೊಜ್ಜರೆಲ್ಲಾ, ಬೇಸಿಲ್ ಎಲೆ ಬಿದ್ದರೆ ಮಾರ್ಗರಿಟಾ. ನೇಪಲ್ಸಿನ ಪಿಜ್ಜಾ ಅಂಗಡಿಗಳಲ್ಲಿ ಒಲೆಯ ಮುಂದಿನ ಕಲ್ಲಿನ ಕಟ್ಟೆಯ ಮೇಲೆ ನಡೆಯುವ ಕೆಲಸವನ್ನು ಗಮನವಿಟ್ಟು ನೋಡಬೇಕು. ಅಲ್ಲಿ ಲಟ್ಟಣಿಗೆ ಮುಟ್ಟುವುದಿಲ್ಲ. ಹುದುಗಿ ಉಬ್ಬಿದ ಹಿಟ್ಟಿನ ಉಂಡೆಯನ್ನು ಬೆರಳ ತುದಿಯಲ್ಲಿ ನಡುವಿನಿಂದ ಹೊರಕ್ಕೆ ಒತ್ತುತ್ತ ಹೋಗುತ್ತಾರೆ. ಒಳಗಿನ ಗಾಳಿ ಅಂಚಿಗೆ ಸರಿದು ಅಲ್ಲೇ ಸೆರೆಯಾಗುತ್ತದೆ. ಆಮೇಲೆ ಅದನ್ನು ಎತ್ತಿ ಕಟ್ಟೆಗೆ ಬಡಿದು, ತಿರುಗಿಸಿ, ಅಗಲ ಮಾಡುತ್ತಾರೆ. ಅರೆದ ಟೊಮೆಟೊವನ್ನು ನಡುವಿನಿಂದ ಸುರುಳಿಯಾಗಿ ತೆಳ್ಳಗೆ ಹರಡಿ, ಅಲ್ಲಲ್ಲಿ ಚೀಸ್ ಉದುರಿಸಿ, ಎಣ್ಣೆಯನ್ನು ಎಳೆಯಾಗಿ ಬಿಟ್ಟು, ಹಲಗೆಯ ಮೇಲೆ ಎಳೆದು ಒಲೆಗೆ ತಳ್ಳುತ್ತಾರೆ. ಒಂದೂವರೆ ನಿಮಿಷದೊಳಗೆ ಅದು ಅಂಚು ಉಬ್ಬಿಸಿಕೊಂಡು, ಮೈಮೇಲೆ ಕಪ್ಪು ಚುಕ್ಕೆ ಹೊತ್ತು ಹೊರಗೆ ಬರುತ್ತದೆ. ಪಿಜ್ಜಾದ ಮೇಲೆ ಅನಾನಸ್ ಹಾಕಬಾರದು, ಜೋಳದ ಕಾಳು ಹಾಕಬಾರದು, ಬಾಳೆಹಣ್ಣಂತೂ ಕೂಡದೇ ಕೂಡದು ಎನ್ನುವವರು ಸಾಕ್ಷಿಗೆ ಕರೆಯುವುದು ಈ ಕಟ್ಟೆಯನ್ನೇ. ನಾನೂ ಇದನ್ನೇ ಸಾಕ್ಷಿಗೆ ಕರೆಯುತ್ತೇನೆ, ಆದರೆ ಬೇರೆ ಮಾತಿಗಾಗಿ. ಈ ಕಟ್ಟೆ ಕಲಿಸುವುದು ಒಂದು ಅಳತೆಯನ್ನು: ಕೆಳಗಿನ ಹಿಟ್ಟು ಬೇಯುವ ಹೊತ್ತಿನಲ್ಲಿ ಮೇಲಿನದೂ ಹದಕ್ಕೆ ಬರಬೇಕು, ಹಿಟ್ಟನ್ನು ಕೆಡಿಸಬಾರದು. ಆ ಅಳತೆಗೆ ಒಗ್ಗುವ ಯಾವ ಪದಾರ್ಥವನ್ನೂ ಊರಿನ ಹೆಸರು ಹೇಳಿ ಹೊರಗಿಡುವುದು ಸರಿಯಲ್ಲ ಎಂಬುದು ನನ್ನ ವಾದ.

ಮೊದಲಿಗೆ ನೇಪಲ್ಸಿನ ಹಳೆಯ ದಾಖಲೆಗಳೇ ಏನು ಹೇಳುತ್ತವೆ ನೋಡೋಣ. ಫ್ರೆಂಚ್ ಕಾದಂಬರಿಕಾರ ಅಲೆಕ್ಸಾಂದ್ರ್ ದ್ಯೂಮಾ 1843ರಲ್ಲಿ ಪ್ರಕಟವಾದ ತನ್ನ ನೇಪಲ್ಸ್ ಪ್ರವಾಸದ ಪುಸ್ತಕ ‘ಲ ಕೊರಿಕೊಲೊ’ದಲ್ಲಿ ಅಲ್ಲಿನ ಬಡವರ ಪಿಜ್ಜಾದ ಬಗ್ಗೆ ಬರೆದಿದ್ದಾನೆ. ಎಣ್ಣೆಯದು, ಹಂದಿ ಕೊಬ್ಬಿನದು, ಚೀಸಿನದು, ಟೊಮೆಟೊದ್ದು, ಸಣ್ಣ ಮೀನಿನದು ಎಂದು ಬಗೆಗಳನ್ನು ಹೇಳಿ, ಅಂದಂದಿನ ಮಾರುಕಟ್ಟೆಯ ಧಾರಣೆ ತಿಳಿಯಬೇಕಾದರೆ ಪಿಜ್ಜಾದ ಬೆಲೆ ನೋಡಿದರೆ ಸಾಕು ಎನ್ನುತ್ತಾನೆ. ಮೀನು ಹೇರಳವಾಗಿ ಸಿಕ್ಕ ದಿನ ಮೀನಿನ ಪಿಜ್ಜಾ ಅಗ್ಗ. ಆಲಿವ್ ಬೆಳೆ ಕೈಕೊಟ್ಟ ವರ್ಷ ಎಣ್ಣೆಯ ಪಿಜ್ಜಾ ತುಟ್ಟಿ. ಅದೇ ಶತಮಾನದ ನಡುಭಾಗದಲ್ಲಿ ಫ್ರಾನ್ಚೆಸ್ಕೊ ದೆ ಬೂರ್ಕಾರ್ ಸಂಪಾದಿಸಿದ ನೇಪಲ್ಸ್ ಜನಜೀವನದ ಗ್ರಂಥದಲ್ಲಿ ಪಿಜ್ಜಾದ ಮೇಲೆ ಮೊಜ್ಜರೆಲ್ಲಾ ಹೋಳು, ಬೇಸಿಲ್, ಸಣ್ಣ ಮೀನುಗಳ ಜೊತೆಗೆ ಹ್ಯಾಮ್, ಟೊಮೆಟೊ, ಚಿಪ್ಪುಮೀನುಗಳ ಹೆಸರೂ ಬರುತ್ತದೆ. ಟೊಮೆಟೊ ಅಲ್ಲಿ ಹಲವುಗಳಲ್ಲೊಂದು, ಕಡ್ಡಾಯವೇನಲ್ಲ. ಕಡ್ಡಾಯದ ಕಥೆ ಬೆಳೆದದ್ದು 1889ರ ಸುತ್ತ. ಆ ವರ್ಷ ರಾಫೇಲೆ ಎಸ್ಪೊಸಿತೊ ಎಂಬ ಪಿಜ್ಜಾ ಕುಶಲಿ ರಾಣಿ ಮಾರ್ಗರಿಟಾಳಿಗಾಗಿ ಮೂರು ಪಿಜ್ಜಾ ಮಾಡಿದನೆಂದೂ, ಇಟಲಿಯ ಬಾವುಟದ ಮೂರು ಬಣ್ಣದ್ದು ಆಕೆಗೆ ಹಿಡಿಸಿತೆಂದೂ ಹೇಳುತ್ತಾರೆ. ಅದಕ್ಕೆ ಆಧಾರವಾಗಿ ತೋರಿಸುವ ಅರಮನೆಯ ಪತ್ರದ ಬಗ್ಗೆ ಇತಿಹಾಸಕಾರರು ಸಂಶಯ ಎತ್ತಿದ್ದಾರೆ. ಕಥೆ ನಿಜವೇ ಆಗಿದ್ದರೂ ಆ ಮೂರರಲ್ಲಿ ಒಂದು ಸಣ್ಣ ಮೀನಿನದು, ಇನ್ನೊಂದು ಹಂದಿ ಕೊಬ್ಬಿನದು ಎಂಬುದನ್ನು ಮರೆಯುವಂತಿಲ್ಲ. ಟೊಮೆಟೊ ಸಹ ಕೊಲಂಬಸ್ಸನ ಪ್ರಯಾಣಗಳ ನಂತರವೇ ಅಮೆರಿಕ ಖಂಡದಿಂದ ಯುರೋಪಿಗೆ ಬಂದ ಕಾಯಿ. ಅನಾನಸ್ ಕೂಡ ಅದೇ ಖಂಡದ್ದು. 1493ರಲ್ಲಿ ಕೊಲಂಬಸ್ ಅದನ್ನು ಗ್ವಾಡಲೂಪ್ ದ್ವೀಪದಲ್ಲಿ ಕಂಡ. ಒಂದೇ ದಿಕ್ಕಿನಿಂದ ಬಂದ ಇಬ್ಬರು ನೆಂಟರಲ್ಲಿ ಒಬ್ಬನನ್ನು ಮನೆಮಗನೆಂದು ಒಪ್ಪಿ ಇನ್ನೊಬ್ಬನನ್ನು ಬಾಗಿಲಲ್ಲೇ ತಡೆಯಲು ಹುಟ್ಟೂರಿನ ಕಾರಣ ಸಾಲದು.

ಹಾಗಾದರೆ ನೇಪಲ್ಸಿನವರು ಮಾಡಿಕೊಂಡ ಕಟ್ಟುಪಾಡುಗಳು ವ್ಯರ್ಥವೇ? ಖಂಡಿತ ಅಲ್ಲ. 1984ರಲ್ಲಿ ಅಲ್ಲಿನ ಪಿಜ್ಜಾ ಕುಶಲಿಗಳು ‘ಅಸಲಿ ನೇಪಲ್ಸ್ ಪಿಜ್ಜಾ’ದ ಸಂಘ ಕಟ್ಟಿದರು. 2010ರಲ್ಲಿ ಯುರೋಪಿಯನ್ ಒಕ್ಕೂಟ ‘ಪಿಜ್ಜಾ ನಾಪೊಲೆತಾನಾ’ಕ್ಕೆ ಸಾಂಪ್ರದಾಯಿಕ ವಿಶೇಷ ತಿನಿಸಿನ ಮಾನ್ಯತೆ ಕೊಟ್ಟಿತು. ಆ ನಿಯಮಾವಳಿಯನ್ನು ಓದಿದರೆ ಅದರ ಮನಸ್ಸು ಎಲ್ಲಿದೆ ಎಂಬುದು ತಿಳಿಯುತ್ತದೆ. ಹಿಟ್ಟಿನ ಉಂಡೆ 180ರಿಂದ 250 ಗ್ರಾಂ, ಅಗಲ 35 ಸೆಂಟಿಮೀಟರ್ ಮೀರಬಾರದು, ಉಬ್ಬಿದ ಅಂಚು 1ರಿಂದ 2 ಸೆಂಟಿಮೀಟರ್, ಒಲೆಯ ನೆಲದ ಬಿಸಿ ಸುಮಾರು 485 ಡಿಗ್ರಿ ಸೆಲ್ಸಿಯಸ್, ಬೇಯುವ ಹೊತ್ತು 60ರಿಂದ 90 ಸೆಕೆಂಡ್. ಮೇಲೆ ಹಾಕುವ ಚೀಸ್ ಸಹ 100 ಗ್ರಾಂ ದಾಟುವುದಿಲ್ಲ. ಮಾರಿನಾರಾ, ಮಾರ್ಗರಿಟಾಗಳ ಹೆಸರು ಅದರಲ್ಲಿ ಇದೆ, ನಿಜ. ಆದರೆ ಬಹುಪಾಲು ಮಾತು ಹಿಟ್ಟಿನ ಕುರಿತು, ಹುದುಗುವ ಗಂಟೆಗಳ ಕುರಿತು, ಬೆಂಕಿಯ ಕುರಿತು. 2017ರಲ್ಲಿ ಯುನೆಸ್ಕೊ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡದ್ದು ನೇಪಲ್ಸಿನ ಪಿಜ್ಜಾ ಕುಶಲಿಯ ಕಲೆಯನ್ನು: ಹಿಟ್ಟು ಸಿದ್ಧಪಡಿಸಿ ಕಟ್ಟಿಗೆ ಒಲೆಯಲ್ಲಿ ಬೇಯಿಸುವವರೆಗಿನ ಹಂತಗಳನ್ನು. ಒಂದು ಹೆಸರಿನ ಗುಣ ಕೆಡದಂತೆ ಕಾಯುವುದು ನ್ಯಾಯವಾದ ಕೆಲಸ. ಮಾರ್ಗರಿಟಾ ಎಂದು ಬರೆದು ಬೇರೇನನ್ನೋ ಕೊಟ್ಟರೆ ತಿನ್ನುವವನಿಗೆ ಮೋಸ. ಆದರೆ ಆ ಕಾವಲು ಆ ಹೆಸರಿಗೆ ಮಾತ್ರ. ಪಕ್ಕದ ಊರಿನವನು ತನ್ನದೇ ಹೆಸರಿಟ್ಟು ಬೇಯಿಸಿದ್ದಕ್ಕೆ ಅದು ಅಡ್ಡಿಯಾಗಲಾರದು.

ಈ ಅಳತೆಯ ಹಿಂದೆ ಇರುವುದು ನೀರು, ಬಿಸಿ, ಹೊತ್ತು ಎಂಬ ಮೂರರ ಲೆಕ್ಕ. ಹಸಿ ಅಣಬೆಯಲ್ಲಿ ಶೇಕಡಾ 90ಕ್ಕೂ ಹೆಚ್ಚು ನೀರು. ಅನಾನಸ್ಸಿನಲ್ಲಿ ಶೇಕಡಾ 86ರ ಸುಮಾರು. 90 ಸೆಕೆಂಡಿನಲ್ಲಿ ಆ ನೀರು ಆವಿಯಾಗಿ ಹೋಗಲು ಸಾಧ್ಯವೇ ಇಲ್ಲ. ಅದು ಕೆಳಗಿಳಿದು ಹಿಟ್ಟಿಗೆ ಸೇರುತ್ತದೆ. ನೀರು ನಿಂತ ಜಾಗದಲ್ಲಿ ಬಿಸಿ 100 ಡಿಗ್ರಿ ದಾಟುವುದಿಲ್ಲವಾದ್ದರಿಂದ ಅಲ್ಲಿ ಹಿಟ್ಟು ಕೆಂಪಗಾಗದೆ, ಗರಿಯಾಗದೆ, ಅಂಟಂಟಾಗಿ ಉಳಿಯುತ್ತದೆ. ನೇಪಲ್ಸಿನ ಕುಶಲಿಗಳು ಮೊಜ್ಜರೆಲ್ಲಾವನ್ನು ಮೊದಲೇ ಹೆಚ್ಚಿ ಗಂಟೆಗಟ್ಟಲೆ ನೀರು ಬಸಿಯಲು ಇಡುವುದು ಇದಕ್ಕೇ. ಮನೆಯ ಅವನ್‌ನಲ್ಲಿ ಬಿಸಿ 250 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಬೇಯಲು ಎಂಟು ಹತ್ತು ನಿಮಿಷ ಬೇಕು; ಅಲ್ಲಿ ಲೆಕ್ಕ ಬೇರೆ, ತಾಳುವ ಪದಾರ್ಥಗಳೂ ಬೇರೆ. ನೀರಿನ ನಂತರ ಬರುವುದು ರುಚಿಯ ತೂಕ. ಟೊಮೆಟೊದ ಹುಳಿ, ಚೀಸಿನ ಜಿಡ್ಡು ಮತ್ತು ಉಪ್ಪು, ಸುಟ್ಟ ಹಿಟ್ಟಿನ ಸಣ್ಣ ಕಹಿ, ಇವು ಒಂದನ್ನೊಂದು ಹಿಡಿದು ನಿಲ್ಲಿಸಿವೆ. ಹೊಸದಾಗಿ ಬರುವ ಪದಾರ್ಥ ಇವುಗಳಲ್ಲಿ ಯಾವುದಕ್ಕೆ ಜೊತೆಯಾಗುತ್ತದೆ, ಯಾವುದನ್ನು ತಳ್ಳುತ್ತದೆ ಎಂದು ಕೇಳಬೇಕು. ನೀರಿನದು, ರುಚಿಯದು ಎಂಬ ಈ ಎರಡು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ಊರೂರು ಸುತ್ತಿದರೆ, ವಿಚಿತ್ರವೆನಿಸಿದ ಎಷ್ಟೋ ಪಿಜ್ಜಾಗಳು ವಿವೇಕದಿಂದ ಹುಟ್ಟಿದವು ಎಂದು ಗೊತ್ತಾಗುತ್ತದೆ.

ದೂರ ಹೋಗುವುದೇ ಬೇಡ, ನೇಪಲ್ಸಿನಿಂದ ರೈಲು ಹತ್ತಿ ರೋಮಿಗೆ ಬಂದರೆ ಸಾಕು. ಅಲ್ಲಿ ತುಂಡು ತುಂಡಾಗಿ ತೂಕ ಹಾಕಿ ಮಾರುವ ಪಿಜ್ಜಾದ ಮೇಲೆ ಆಲೂಗಡ್ಡೆ ಇರುತ್ತದೆ. ಹಿಟ್ಟಿನ ಮೇಲೆ ಹಿಟ್ಟಿನಂಥದ್ದೇ ಗಡ್ಡೆ ಹಾಕುವುದು ಕೇಳಲು ವಿಚಿತ್ರ. ಆದರೆ ಎಲೆಯಷ್ಟು ತೆಳುವಾಗಿ ಹೆಚ್ಚಿದ ಹೋಳುಗಳು ಎಣ್ಣೆ, ರೋಸ್‌ಮೆರಿ ಜೊತೆ ಅಂಚಿನಲ್ಲಿ ಗರಿಯಾಗಿ ನಡುವೆ ಮೆತ್ತಗೆ ಉಳಿದಾಗ ಅದರ ನ್ಯಾಯ ತಿಳಿಯುತ್ತದೆ. ರೋಮಿನವರು ಸೀಮೆಸೋರೆಯಂಥ ಜುಕಿನಿ ಬಳ್ಳಿಯ ಹೂವನ್ನು ಉಪ್ಪುಮೀನಿನ ಜೊತೆ ಹಾಕುತ್ತಾರೆ. ಬೇಸಿಗೆಯ ಕೊನೆಯಲ್ಲಿ ಬರಿಯ ಬಿಳಿ ಪಿಜ್ಜಾವನ್ನು ಸೀಳಿ ನಡುವೆ ಅಂಜೂರ, ಹ್ಯಾಮ್ ಇಟ್ಟು ತಿನ್ನುತ್ತಾರೆ. ಸಿಹಿ ಹಣ್ಣು, ಉಪ್ಪು ಮಾಂಸ, ಬೆಂದ ಹಿಟ್ಟು: ಅನಾನಸ್ ಪಿಜ್ಜಾದ ಮೇಲೆ ಹೊರಿಸುವ ಆರೋಪದ ಮೂರೂ ಅಂಶ ಇಲ್ಲೇ ಇವೆ, ಯಾರೂ ತಕರಾರು ಎತ್ತಿದ್ದಿಲ್ಲ. ಗಮನಿಸಬೇಕಾದದ್ದು ಏನೆಂದರೆ ಅಂಜೂರ ಒಲೆಗೆ ಹೋಗುವುದಿಲ್ಲ. ಬೆಂದ ಮೇಲೆ ಸೇರುತ್ತದೆ. ಬೆಂಕಿಗೆ ತಾಳದ್ದನ್ನು ಬೆಂಕಿಯ ನಂತರ ಹಾಕುವುದೂ ಅದೇ ಅಳತೆಯ ಭಾಗ. ಇಟಲಿಯ ಮಕ್ಕಳು ಆಸೆಪಟ್ಟು ಕೇಳುವ ಪಿಜ್ಜಾದ ಮೇಲೆ ಸಾಸೇಜ್ ತುಂಡು, ಆಲೂಗಡ್ಡೆ ಫ್ರೈ ರಾಶಿಯಾಗಿರುತ್ತವೆ. ಇಟಲಿ ತನ್ನ ಮಕ್ಕಳಿಗೆ ಇಷ್ಟು ಸಲಿಗೆ ಕೊಟ್ಟ ಮೇಲೆ ಹೊರಗಿನವರಿಗೆ ಕೊಡದಿರಲು ಕಾರಣವಿಲ್ಲ.

ಇನ್ನು ಜಗಳದ ಮೂಲಕ್ಕೆ ಬರೋಣ. ಅದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಚ್ಯಾಟಮ್ ಎಂಬ ಸಣ್ಣ ಪಟ್ಟಣ. ಗ್ರೀಸ್‌ನಲ್ಲಿ ಹುಟ್ಟಿ 1954ರಲ್ಲಿ ಕೆನಡಾಕ್ಕೆ ವಲಸೆ ಬಂದ ಸ್ಯಾಮ್ ಪನೋಪೊಲಸ್ ಅಲ್ಲಿ ಸೋದರರ ಜೊತೆ ‘ಸ್ಯಾಟಲೈಟ್’ ಎಂಬ ಹೋಟೆಲು ನಡೆಸುತ್ತಿದ್ದರು. 1962ರಲ್ಲಿ ಅವರು ಡಬ್ಬಿಯ ಅನಾನಸ್ ತುಂಡುಗಳನ್ನು ಪಿಜ್ಜಾದ ಮೇಲೆ ಹಾಕಿ ನೋಡಿದರು. ಆ ಪಿಜ್ಜಾಕ್ಕೆ ಹವಾಯಿ ಎಂಬ ಹೆಸರು ಸಿಕ್ಕಿದ್ದು ಆ ಡಬ್ಬಿಯ ಮೇಲಿನ ಹೆಸರಿನಿಂದ. ಅವರ ಹೋಟೆಲಿನಲ್ಲಿ ಚೀನೀ ಶೈಲಿಯ ಸಿಹಿ-ಹುಳಿ ತಿನಿಸುಗಳೂ ಇದ್ದವು, ಹಾಗಾಗಿ ಸಿಹಿ ಹಣ್ಣು ಮತ್ತು ಮಾಂಸದ ಜೋಡಿ ಅವರ ಗಿರಾಕಿಗಳಿಗೆ ಹೊಸದೇನಲ್ಲ. 2017ರಲ್ಲಿ ಐಸ್‌ಲ್ಯಾಂಡಿನ ಅಂದಿನ ಅಧ್ಯಕ್ಷ ಗ್ವುದ್ನಿ ಯೊಹಾನ್ನೆಸ್ಸನ್, ಶಾಲಾ ಮಕ್ಕಳೊಂದಿಗೆ ಮಾತನಾಡುತ್ತ, ಸಾಧ್ಯವಾದರೆ ಪಿಜ್ಜಾದ ಮೇಲೆ ಅನಾನಸ್ ನಿಷೇಧಿಸುತ್ತಿದ್ದೆ ಎಂದರು. ಜಗತ್ತಿನೆಲ್ಲೆಡೆ ಗದ್ದಲವೆದ್ದಿತು, ಕೆನಡಾದ ಅಂದಿನ ಪ್ರಧಾನಿ ಜಸ್ಟಿನ್ ಟ್ರೂಡೊ ತಮ್ಮ ದೇಶದ ಪಿಜ್ಜಾದ ಪರ ನಿಂತರು. ಕೊನೆಗೆ ಯೊಹಾನ್ನೆಸ್ಸನ್, ತಮಗಿಷ್ಟವಿಲ್ಲದ್ದನ್ನು ನಿಷೇಧಿಸುವ ಅಧಿಕಾರ ತಮಗಿಲ್ಲ, ಇಲ್ಲದಿರುವುದೇ ಒಳ್ಳೆಯದು ಎಂದು ಸ್ಪಷ್ಟಪಡಿಸಿದರು. ಅವರ ಈ ಎರಡನೆಯ ಮಾತನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ‘ನನಗೆ ಹಿಡಿಸದು’ ಎಂಬುದಕ್ಕೂ ‘ಅದು ಕೂಡದು’ ಎಂಬುದಕ್ಕೂ ನಡುವೆ ಇರುವ ಅಂತರವನ್ನು ಅಧಿಕಾರದಲ್ಲಿದ್ದವರೊಬ್ಬರು ಒಪ್ಪಿಕೊಂಡ ಮಾತು ಅದು. ಪನೋಪೊಲಸ್ ತೀರಿಕೊಂಡದ್ದು ಅದೇ ವರ್ಷ ಜೂನ್‌ನಲ್ಲಿ.

ಹಾಗೆಂದು ಅನಾನಸ್ ಪಿಜ್ಜಾವನ್ನೆಲ್ಲ ಒಳ್ಳೆಯದೆಂದು ನಾನು ಹೇಳುವುದಿಲ್ಲ. ಡಬ್ಬಿಯ ತುಂಡನ್ನು ರಸ ಸಮೇತ ಹಾಕಿದರೆ ಹಿಟ್ಟು ತೊಯ್ಯುತ್ತದೆ; ಟೊಮೆಟೊದ ಹುಳಿಯ ಮೇಲೆ ಅದಕ್ಕಿಂತ ಹೆಚ್ಚಿನ ಹುಳಿ ಬೀಳುತ್ತದೆ. ವಿರೋಧಿಗಳ ದೂರಿನಲ್ಲಿ ಅಷ್ಟು ಸತ್ಯವಿದೆ, ಅದನ್ನು ಒಪ್ಪಲೇಬೇಕು. ಆದರೆ ದೋಷ ಹಣ್ಣಿನದಲ್ಲ, ಹಾಕಿದ ಕ್ರಮದ್ದು. ಇದಕ್ಕೆ ಪುರಾವೆ ಕೊಟ್ಟವರು ನೇಪಲ್ಸಿನ ಹೆಸರಾಂತ ಪಿಜ್ಜಾ ಕುಶಲಿ ಜೀನೊ ಸೊರ್ಬಿಲ್ಲೊ. 2024ರ ಆರಂಭದಲ್ಲಿ ವಿಯಾ ದೇಯಿ ತ್ರಿಬುನಾಲಿಯ ತಮ್ಮ ಅಂಗಡಿಯಲ್ಲಿ ಅವರು ಅನಾನಸ್ ಪಿಜ್ಜಾ ಮಾರಾಟಕ್ಕಿಟ್ಟಾಗ ಇಟಲಿಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಅವರು ಮಾಡಿದ್ದು ಎರಡು ಮುಖ್ಯ ಬದಲಾವಣೆ: ಟೊಮೆಟೊವನ್ನು ತೆಗೆದುಹಾಕಿ ಬಿಳಿ ಪಿಜ್ಜಾ ಮಾಡಿದರು, ಹಣ್ಣನ್ನು ಮೊದಲೇ ಬೇಯಿಸಿಕೊಂಡು ಎರಡನೆಯ ಬಾರಿ ಒಲೆಗೆ ಹಾಕಿದರು. ಹೆಚ್ಚಿನ ಹುಳಿ ಹೋಯಿತು, ಹೆಚ್ಚಿನ ನೀರೂ ಹೋಯಿತು. ಉಳಿದದ್ದು ಕೆಂಪಗೆ ಸುಟ್ಟ ಸಿಹಿ, ಎದುರಿಗೆ ಚೀಸಿನ ಉಪ್ಪು. ನೇಪಲ್ಸಿನ ಉತ್ತರಕ್ಕೆ ಕಾಯಾತ್ಸೊ ಊರಿನಲ್ಲಿರುವ ಫ್ರಾಂಕೊ ಪೇಪೆ ಕೂಡ ಅನಾನಸ್ಸನ್ನು ಕರಿದ ಹಿಟ್ಟಿನ ಕೋನಿನೊಳಗೆ ಚೀಸ್, ಹ್ಯಾಮ್ ಜೊತೆ ಕೊಡುತ್ತಾರೆ. ಇದೇ ಪೇಪೆ ಮಾರ್ಗರಿಟಾವನ್ನೂ ತಿರುಗಿಸಿ ನೋಡಿದವರು: ಹಿಟ್ಟು, ಚೀಸ್ ಮಾತ್ರ ಬೇಯಿಸಿ, ಹೊರಬಂದ ಮೇಲೆ ಟೊಮೆಟೊ ಮತ್ತು ಬೇಸಿಲ್ ರಸವನ್ನು ಗೆರೆ ಎಳೆದಂತೆ ಹಾಕುತ್ತಾರೆ. ಪರಂಪರೆಯನ್ನು ಬಲ್ಲವರೇ ಪಟ್ಟಿಯನ್ನು ಸಡಿಲಿಸಲು ಧೈರ್ಯ ಮಾಡುತ್ತಾರೆ, ಅಳತೆಯನ್ನು ಮಾತ್ರ ಬಿಡುವುದಿಲ್ಲ.

ಅಟ್ಲಾಂಟಿಕ್ ದಾಟಿ ಅಮೆರಿಕದ ನ್ಯೂ ಹೇವನ್‌ಗೆ ಹೋದರೆ ಈ ಮಾತಿಗೆ ಇನ್ನೊಂದು ಗಟ್ಟಿ ಆಧಾರ ಸಿಗುತ್ತದೆ. ಅಮಾಲ್ಫಿ ಕರಾವಳಿಯ ಮಾಯೊರಿಯಿಂದ ವಲಸೆ ಬಂದ ಫ್ರಾಂಕ್ ಪೇಪೆ 1925ರಲ್ಲಿ ಅಲ್ಲಿ ಪಿಜ್ಜಾ ಅಂಗಡಿ ತೆರೆದರು. ಆ ಅಂಗಡಿಗೆ ಹೆಸರು ತಂದದ್ದು ಚಿಪ್ಪುಮೀನಿನ ಬಿಳಿ ಪಿಜ್ಜಾ. ಕಲ್ಲಿದ್ದಲ ಒಲೆಯಲ್ಲಿ ಬೇಯುವ ತೆಳು ಹಿಟ್ಟಿನ ಮೇಲೆ ಆಗತಾನೆ ಚಿಪ್ಪು ಬಿಡಿಸಿದ ಮೀನು, ಬೆಳ್ಳುಳ್ಳಿ, ಒರೆಗಾನೊ, ಆಲಿವ್ ಎಣ್ಣೆ, ತುರಿದ ಕುರಿಹಾಲಿನ ಚೀಸ್, ಅಷ್ಟೇ. ಟೊಮೆಟೊ ಇಲ್ಲ, ಮೊಜ್ಜರೆಲ್ಲಾ ಇಲ್ಲ. ಆ ಊರಿನಲ್ಲಿ ಮೊಜ್ಜರೆಲ್ಲಾ ಬೇಕಿದ್ದರೆ ಕೇಳಿ ಹಾಕಿಸಿಕೊಳ್ಳಬೇಕು. ಚಿಪ್ಪುಮೀನಿನ ಉಪ್ಪು ನೀರು ಎಣ್ಣೆಯೊಡನೆ ಬೆರೆತು ತಾನೇ ರಸವಾಗುವುದರಿಂದ ಇನ್ನೊಂದು ರಸ ಅಲ್ಲಿ ಬೇಡ ಎಂದು ಪಿಜ್ಜಾ ಬಲ್ಲವನಿಗೆ ಹೊಳೆದಿರಬೇಕು. ಸಮುದ್ರದ ದಡದ ಊರಿನಲ್ಲಿ ಸಿಕ್ಕಿದ್ದನ್ನು ಹಿಟ್ಟಿನ ಮೇಲೆ ಹಾಕುವುದು ದ್ಯೂಮಾ ಕಂಡ ನೇಪಲ್ಸಿನ ಪದ್ಧತಿಯೇ. ಬ್ರೆಜಿಲಿನ ಸಾವೊ ಪಾಲೊದಲ್ಲೂ ಹೀಗೇ. ಇಟಲಿಯಿಂದ ಹೋದವರ ಮಕ್ಕಳು ಮೊಮ್ಮಕ್ಕಳು ತುಂಬಿದ ಆ ನಗರ ಪ್ರತಿ ವರ್ಷ ಜುಲೈ 10ರಂದು ಪಿಜ್ಜಾ ದಿನ ಆಚರಿಸುತ್ತದೆ. ಅಲ್ಲಿನ ಪಿಜ್ಜಾಗಳ ಮೇಲೆ ಬೇಯಿಸಿದ ಮೊಟ್ಟೆ, ಈರುಳ್ಳಿ, ಹಸಿ ಬಟಾಣಿ ಸಾಮಾನ್ಯ. ಕೋಳಿಮಾಂಸದ ಮೇಲೆ ಹಿಂಡುವ ಕೆನೆಯಂಥ ಚೀಸ್ ಕಟುಪಿರಿ ಸಹ ಇಟಲಿಯ ವಲಸಿಗನೇ 1911ರಲ್ಲಿ ಬ್ರೆಜಿಲಿನಲ್ಲಿ ಮಾಡಿದ್ದು. ಹೊರಗಿನವರು ಬಂದು ಇಟಲಿಯ ತಿಂಡಿಯನ್ನು ಕೆಡಿಸಿದರು ಎಂಬ ದೂರು ಇಲ್ಲಿ ನಿಲ್ಲುವುದೇ ಇಲ್ಲ.

ಸ್ವೀಡನ್ನಿನ ಬಾಳೆಹಣ್ಣಿನ ಪಿಜ್ಜಾ ಈ ವಾದಕ್ಕೆ ಕಠಿಣ ಪರೀಕ್ಷೆ. ಬಾಳೆಹಣ್ಣಿನ ಬಿಲ್ಲೆ, ಕರಿ ಪುಡಿ, ಹ್ಯಾಮ್, ಕೆಲವೊಮ್ಮೆ ಕಡಲೆಕಾಯಿ ಬೀಜ. ಪಕ್ಕಕ್ಕೆ ಹುಳಿ ಹಾಕಿದ ಎಲೆಕೋಸು. ಹೆಸರು ಕೇಳಿಯೇ ಮುಖ ಕಿವುಚುವವರುಂಟು. ಆದರೆ 1976ರಲ್ಲಿ ಅಲ್ಲಿನ ಅಡುಗೆ ಪತ್ರಿಕೆಯೊಂದರಲ್ಲಿ ಬಂದು ಮನೆಮಾತಾದ ‘ಫ್ಲೀಗಾಂದೆ ಯಾಕೊಬ್’ ಎಂಬ ಅಡುಗೆಯಲ್ಲೂ ಕೋಳಿ, ಬಾಳೆಹಣ್ಣು, ಕಡಲೆಕಾಯಿ, ಕೆನೆ, ಖಾರದ ಸಾಸ್ ಒಟ್ಟಿಗೆ ಸೇರುತ್ತವೆ. ಸ್ವೀಡನ್ನಿನ ಮನೆಗಳಿಗೆ ಒಗ್ಗಿದ ರುಚಿಯೇ ಪಿಜ್ಜಾದ ಮೇಲೂ ಕಾಣುತ್ತದೆ. ನನ್ನ ಎರಡು ಪ್ರಶ್ನೆಗಳನ್ನು ಕೇಳಿದರೂ ಅದು ತಪ್ಪಿಸಿಕೊಳ್ಳುವುದಿಲ್ಲ: ಬಾಳೆಹಣ್ಣು ಅನಾನಸ್ಸಿನಂತೆ ನೀರು ಬಿಡುವ ಹಣ್ಣಲ್ಲ, ಬಿಸಿಗೆ ಮೆತ್ತಗಾಗಿ ಚೀಸಿನೊಳಗೆ ಕೂರುತ್ತದೆ, ಅದರ ಸಿಹಿಗೆ ಕರಿ ಪುಡಿಯ ಕಹಿ-ಖಾರ ಕಡಿವಾಣ ಹಾಕುತ್ತದೆ, ಎಲೆಕೋಸಿನ ಹುಳಿ ಜಿಡ್ಡನ್ನು ತೊಳೆಯುತ್ತದೆ.

ಇಲ್ಲಿ ಒಂದು ಬಲವಾದ ಆಕ್ಷೇಪ ಬರುತ್ತದೆ. ಎಲ್ಲವನ್ನೂ ಒಪ್ಪುತ್ತ ಹೋದರೆ ಪಿಜ್ಜಾ ಎಂಬುದಕ್ಕೆ ಅರ್ಥವೇನು ಉಳಿಯಿತು? ಅರ್ಥ ಉಳಿಯುವುದು ಹಿಟ್ಟಿನಲ್ಲಿ ಎಂಬುದು ನನ್ನ ಉತ್ತರ. ಹುದುಗಿದ ಹಿಟ್ಟು ಜೋರು ಬೆಂಕಿಯಲ್ಲಿ ಬೆಂದು, ಮೇಲಿನದನ್ನು ಹೊತ್ತು ನಿಂತು, ಕೈಯಲ್ಲಿ ಎತ್ತಿ ತಿನ್ನುವಂತಿದ್ದರೆ ಅದು ಪಿಜ್ಜಾ. ಈ ಮಾನದಂಡ ಸಡಿಲವೂ ಅಲ್ಲ. ಅನಾನಸ್ಸಿಗಿಂತ ಹೆಚ್ಚು ಪಿಜ್ಜಾಗಳನ್ನು ಕೆಡಿಸುವುದು ಯಾರೂ ಆಕ್ಷೇಪಿಸದ ಹಸಿ ದೊಣ್ಣೆಮೆಣಸು, ಹಸಿ ಈರುಳ್ಳಿ, ಹಸಿ ಅಣಬೆ, ಟೊಮೆಟೊ ಬಿಲ್ಲೆಗಳ ರಾಶಿ. ಅವು ಬೇಯುವಷ್ಟರಲ್ಲಿ ಹಿಟ್ಟು ನೆನೆದಿರುತ್ತದೆ, ಹಿಟ್ಟು ಬೇಯುವಷ್ಟರಲ್ಲಿ ಅವು ಅರೆಬೆಂದಿರುತ್ತವೆ. ಪಟ್ಟಿ ನೋಡಿ ತೀರ್ಪು ಕೊಡುವವನು ಅವನ್ನು ಬಿಟ್ಟುಬಿಡುತ್ತಾನೆ. ಅಳತೆ ನೋಡುವವನು ಬಿಡಲಾರ. ಇನ್ನೊಂದು ಆಕ್ಷೇಪ ಇದಕ್ಕೆ ಎದುರು ದಿಕ್ಕಿನದು: ರುಚಿ ಅವರವರ ಇಷ್ಟ, ಚರ್ಚೆ ಏಕೆ? ಇಷ್ಟವನ್ನು ಯಾರ ಮೇಲೂ ಹೇರಬಾರದು, ನಿಜ. ಆದರೆ ಒಂದೇ ಪಿಜ್ಜಾವನ್ನು ಎಂಟು ತುಂಡು ಮಾಡಿ ನಾಲ್ವರು ಹಂಚಿಕೊಳ್ಳುವಾಗ ಕಾರಣ ಕೊಟ್ಟು ಮಾತನಾಡಬೇಕಾಗುತ್ತದೆ. ‘ನನಗೆ ಬೇಡ’ ಎಂದರೆ ಮಾತು ಅಲ್ಲಿಗೇ ನಿಂತಿತು. ‘ಹುಳಿ ಹೆಚ್ಚಾಯಿತು, ಟೊಮೆಟೊ ಇಲ್ಲದೆ ಮಾಡಿ ನೋಡೋಣ’ ಎಂದರೆ ಇನ್ನೊಂದು ಒಳ್ಳೆಯ ಪಿಜ್ಜಾಕ್ಕೆ ದಾರಿಯಾಯಿತು.

ಈ ಚರ್ಚೆಯಲ್ಲಿ ಬೆಂಗಳೂರಿಗೂ ಪಾಲಿದೆ. ಪಿಜ್ಜಾ ಹಟ್ ಭಾರತದಲ್ಲಿ ತನ್ನ ಮೊದಲ ಮಳಿಗೆ ತೆರೆದದ್ದು 1996ರಲ್ಲಿ, ಬೆಂಗಳೂರಿನಲ್ಲಿ. ಅಲ್ಲಿಂದ ಮುಂದೆ ಪನೀರ್ ಟಿಕ್ಕಾ ಪಿಜ್ಜಾ ನಮ್ಮ ಊರುಗಳಲ್ಲಿ ಬೇರೂರಿತು. ಅದು ಕಂಪನಿಗಳು ಲೆಕ್ಕ ಹಾಕಿ ತಂದ ರುಚಿ, ನೆಲದ ರುಚಿಯಲ್ಲ ಎನ್ನುವವರಿದ್ದಾರೆ. ಮಾರಾಟದ ಲೆಕ್ಕಾಚಾರ ಇದ್ದದ್ದು ಸುಳ್ಳಲ್ಲ. ಆದರೂ ತಂದವರು ಯಾರು ಎಂಬುದರಿಂದ ತಿನಿಸಿನ ಗುಣ ತೀರ್ಮಾನವಾಗದು, ಬೆಂದ ಬಗೆಯಿಂದ ಆಗುತ್ತದೆ. ಮೊಜ್ಜರೆಲ್ಲಾ ಬಿಸಿಗೆ ಕರಗಿ ಎಳೆಯಾಗುತ್ತದೆ; ಕಾದ ಹಾಲಿಗೆ ಹುಳಿ ಹಿಂಡಿ ಒಡೆಸಿದ ಪನೀರ್ ಕರಗುವುದಿಲ್ಲ, ಒಣಗಿದರೆ ರಬ್ಬರಿನಂತಾಗುತ್ತದೆ. ಆದ್ದರಿಂದ ಪನೀರನ್ನು ಚೀಸೆಂದು ಎಣಿಸದೆ ತರಕಾರಿಯಂತೆ ಕಾಣಬೇಕು: ಮಸಾಲೆಯಲ್ಲಿ ನೆನೆಸಿ, ಮೊದಲೇ ಕೆಂಡದಲ್ಲಿ ಸುಟ್ಟು, ಸಣ್ಣ ಹೋಳು ಮಾಡಿ ಕಡಿಮೆ ಹಾಕಿದರೆ ಅದು ಹಿಟ್ಟಿಗೆ ಭಾರವಾಗುವುದಿಲ್ಲ. ಅನಾನಸ್ ವಿಷಯದಲ್ಲಂತೂ ಕನ್ನಡಿಗರಿಗೆ ಸಂಕೋಚ ಇರಬೇಕಾಗಿಲ್ಲ. ಕರಾವಳಿಯ ಮದುವೆ ಊಟದ ಅನಾನಸ್ ಮೆಣಸ್ಕಾಯಿಯಲ್ಲಿ ಹುರಿದ ಎಳ್ಳು, ಒಣಮೆಣಸು, ಹುಣಸೆ, ಬೆಲ್ಲದ ಜೊತೆ ಈ ಹಣ್ಣು ಅನ್ನಕ್ಕೆ ಬಡಿಸುವ ಪದಾರ್ಥವಾಗಿದೆ; ಬಯಲುಸೀಮೆಯಲ್ಲಿ ಅದರ ಗೊಜ್ಜಿದೆ. ಸಿಹಿ, ಹುಳಿ, ಖಾರ, ಉಪ್ಪು ಒಂದೇ ತುತ್ತಿನಲ್ಲಿ ಕೂಡುವುದನ್ನು ಬಲ್ಲ ನಾಲಿಗೆ ಹಣ್ಣು ಕಂಡ ಮಾತ್ರಕ್ಕೆ ಪಿಜ್ಜಾವನ್ನು ತಳ್ಳಿಹಾಕುವುದು ಬೇರೆಯವರ ಜಗಳವನ್ನು ಸುಮ್ಮನೆ ಕಡ ತಂದಂತೆ.

ನನ್ನ ಒಲವನ್ನೂ ಮರೆಮಾಚದೆ ಹೇಳಬೇಕು. ಚೀಸೇ ಇಲ್ಲದ ಮಾರಿನಾರಾ ನನಗೆ ಎಲ್ಲಕ್ಕಿಂತ ಮೇಲು. ಅಲ್ಲಿ ಹಿಟ್ಟು, ಹುಳಿ, ಬೆಂಕಿ ನೇರವಾಗಿ ನಾಲಿಗೆಗೆ ಸಿಗುತ್ತವೆ. ಅದರ ನಂತರ ರೋಮಿನ ಆಲೂಗಡ್ಡೆಯದು. ಮೂರನೆಯದು, ಮೊದಲೇ ಸುಟ್ಟು ನೀರು ತೆಗೆದ ಅನಾನಸ್ಸಿನ ಜೊತೆ ಹಸಿಮೆಣಸು ಬಿದ್ದ ಬಿಳಿ ಪಿಜ್ಜಾ. ಈ ಕ್ರಮವನ್ನು ಯಾರೂ ಒಪ್ಪಬೇಕಿಲ್ಲ, ಆದರೆ ಪ್ರತಿಯೊಂದಕ್ಕೂ ನಾನು ಕಾರಣ ಕೊಡಬಲ್ಲೆ, ಎದುರಿನವರ ಕಾರಣವನ್ನೂ ಕೇಳಬಲ್ಲೆ. ಪಿಜ್ಜಾದಂಥ ಎಲ್ಲರ ಕೈಗೆಟುಕುವ ತಿನಿಸಿನ ಬಗ್ಗೆ ಇಷ್ಟು ಹೊತ್ತು ವಾದಿಸುವುದರ ಫಲ ಇದೇ. ಹುಟ್ಟೂರು ನೋಡಿ ತೀರ್ಪು ಕೊಡುವ ಅಭ್ಯಾಸ ತಟ್ಟೆಯಿಂದ ಶುರುವಾಗಿ ತಟ್ಟೆಯಲ್ಲೇ ನಿಲ್ಲುವುದಿಲ್ಲ. ಗುಣ ನೋಡಿ ತೀರ್ಪು ಕೊಡುವ ಅಭ್ಯಾಸವೂ ಅಷ್ಟೇ. ನೇಪಲ್ಸಿನ ಕುಶಲಿಗಳು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಅಳತೆಯನ್ನು ಶ್ರದ್ಧೆಯಿಂದ ಕಲಿತವನಿಗೆ ಯಾವ ಹಣ್ಣನ್ನಾದರೂ, ಯಾವ ತರಕಾರಿಯನ್ನಾದರೂ ಹಿಟ್ಟಿನ ಮೇಲೆ ಇಡುವ ಹಕ್ಕಿದೆ. ಆ ಅಳತೆಯನ್ನು ಕಲಿಯದವನ ಕೈಯಲ್ಲಿ ಮಾರ್ಗರಿಟಾ ಕೂಡ ಕೆಡುತ್ತದೆ.